ಹೋಲ್ತಾಳ, ಹೋಗ್ತಾಳ

ಡಾಕ್ಟರಬಾಯಿಗೆ ಸಿಟ್ಟು ಬಂದರೆ ಇಡೀ ಓಪಿಡಿಗೆ ಗೊತ್ತಾಗುತ್ತಿತ್ತು. ಕೇಸ್ ಪೇಪರ್ ತರಲು ತಡಮಾಡಿದ ವಾರ್ಡ್‌ಬಾಯ್, ಮಗುವಿನ ಎದುರೇ "ಇದಕ್ಕೆ ತಲೆ ಸರಿ ಇಲ್ಲ" ಎನ್ನುವ ಅಪ್ಪ, ತಾಯಂದಿರು ಮಾತಾಡುತ್ತಿರುವಾಗ ಮೊಬೈಲ್ ನೋಡುವ ಕಿರಿಯ ಡಾಕ್ಟರು, ಯಾರ ಮೇಲೆ ಬೇಕಾದರೂ ಅವರ ದನಿ ಒಮ್ಮೆಲೇ ಏರಿಬಿಡುತ್ತಿತ್ತು. ಏರಿದ ದನಿ ತಮ್ಮ ಕಿವಿಗೇ ಬಿದ್ದ ಕೂಡಲೇ ಅವರು ಮಾತನ್ನು ಅರ್ಧಕ್ಕೆ ಬಿಟ್ಟು ಎದ್ದು ಹೊರಗೆ ಹೋಗುತ್ತಿದ್ದರು. ಕಾರಿಡಾರಿನ ತುದಿಯ ಕಿಟಕಿಯ ಹತ್ತಿರ, ನಮಗೆಲ್ಲ ಬೆನ್ನು ಹಾಕಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಲ್ಲುತ್ತಿದ್ದರು. ಕೆಳಗೆ ಆಸ್ಪತ್ರೆಯ ಹಸಿರು ಬಟ್ಟೆ ಒಣಹಾಕುವುದನ್ನು ನೋಡುತ್ತಿದ್ದಿರಬೇಕು. ಆಮೇಲೆ ತಿರುಗಿ ಬಂದು, ಬಾಗಿಲಲ್ಲಿ ನಿಂತು, ಒಳಗಿದ್ದವರಿಗೆಲ್ಲ ಕೇಳುವ ಹಾಗೆ "ಬಂದೆ" ಎನ್ನುತ್ತಿದ್ದರು. ಬೈಸಿಕೊಂಡವರ ಮುಖ ನೋಡಿ ಇನ್ನೊಮ್ಮೆ, ಸಣ್ಣಗೆ, "ಬಂದೆ ಮಾರಾಯ". ಅಷ್ಟಾದ ಮೇಲೇ ಕುರ್ಚಿಯಲ್ಲಿ ಕೂರುವುದು.

ಮೊದಲ ಸಲ ಇದನ್ನು ನೋಡಿದಾಗ, ನನ್ನ ಮಗಳನ್ನು ನೋಡುವ ಮೊದಲು ಈ ಹೆಂಗಸನ್ನೇ ಒಬ್ಬ ಡಾಕ್ಟರಿಗೆ ತೋರಿಸಬೇಕು ಅಂದುಕೊಂಡಿದ್ದೆ.

ಕಳೆದ ತಿಂಗಳು ಅವರು ತೀರಿಕೊಂಡರು. ಅವರು ಇದ್ದ ದಹಿಸರ್ ಕಡೆಯ ಒಂದು ಕನ್ನಡ ಸಂಘದವರು ನನಗೆ ಫೋನ್ ಮಾಡಿ, "ಟೀಚರ್, ನಿಮಗೆ ಅವರ ಪರಿಚಯ ಚೆನ್ನಾಗಿತ್ತಂತೆ, ಅವರ ಊರು, ಓದು, ಸಿಕ್ಕ ಸನ್ಮಾನ ಎಲ್ಲ ಸೇರಿಸಿ ಎರಡು ಪುಟ ಬರೆದುಕೊಡಿ" ಎಂದರು. ನನಗೆ ಅವರ ಊರು ಉಡುಪಿ ಕಡೆಯದು ಎನ್ನುವುದಕ್ಕಿಂತ ಹೆಚ್ಚು ಗೊತ್ತಿಲ್ಲ. ಸನ್ಮಾನ ಸಿಕ್ಕಿತ್ತೋ ಇಲ್ಲವೋ ಕೇಳಿದವಳಲ್ಲ. ನನಗೆ ಗೊತ್ತಿರುವುದು ಅವರಿಗೆ ಒಂದು ಅಕ್ಷರ ತಪ್ಪಾಗಿ ಕೇಳಿಸಿದ್ದು, ಆ ತಪ್ಪಿನಿಂದ ನನ್ನ ಮನೆ ಉಳಿದದ್ದು. ಸಂಘದವರಿಗೆ ಇದು ಸಾಕಾಗುತ್ತದೋ ಇಲ್ಲವೋ, ನಾನು ಬರೆಯುವುದು ಇದನ್ನೇ.

ನಾನು ಧಾರಾವಿಯವಳು. ಅಜ್ಜನ ಕಾಲಕ್ಕೆ ಕಲಬುರಗಿ ಕಡೆಯಿಂದ ಚರ್ಮದ ಕೆಲಸಕ್ಕೆಂದು ಬಂದ ಮನೆತನ. ಮನೆಯಲ್ಲಿ ದಖನಿ ಉರ್ದು, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ಹಿಂದಿ, ಬಸ್ಸಿನಲ್ಲಿ ಮರಾಠಿ. ಹೀಗೆ ನಾಲ್ಕು ಬಾಯಿಯಲ್ಲಿ ಬೆಳೆದು, ಕೊನೆಗೆ ಮುನ್ಸಿಪಾಲಿಟಿಯ ಶಾಲೆಯಲ್ಲಿ ಕನ್ನಡ ಕಲಿಸುವ ಟೀಚರ್ ಆದೆ. ಗಂಡನದು ಬೆಲ್ಟ್ ಹೊಲಿಯುವ ಸಣ್ಣ ಕಾರಖಾನೆ. ಕೆಳಗೆ ಮಷೀನು, ಮೇಲೆ ನಮ್ಮ ಕೋಣೆ. ಮಗಳು ಸಬಾ ಒಬ್ಬಳೇ.

ಸಬಾಗೆ ಆರು ವರ್ಷವಿದ್ದಾಗ ಪಕ್ಕದ ಗೋದಾಮಿಗೆ ಬೆಂಕಿ ಬಿತ್ತು. ಯಾರ ಜೀವಕ್ಕೂ ಏನೂ ಆಗಲಿಲ್ಲ. ಆದರೆ ನಮ್ಮ ಮಷೀನು ಹೋದವು, ಕೋಣೆ ಕರಕಲಾಯಿತು. ಮನೆ ಮತ್ತೆ ಕಟ್ಟಿಕೊಳ್ಳುವ ತನಕ ಅವರಿವರ ಮನೆಯಲ್ಲಿ ಹಾಸಿಗೆ ಹಾಸಿದೆವು. ನಾನೂ ಗಂಡನೂ ಬಾಯಿ ತೆರೆದರೆ ಜಗಳ. ಆ ಹೊತ್ತಿಗೆ ಹುಡುಗಿ ಚೆನ್ನಾಗಿಯೇ ಇದ್ದಳು. ಎಲ್ಲ ಮುಗಿದು, ಹೊಸ ತಗಡಿನ ಮಾಡಿನ ಕೆಳಗೆ ನಾವು ಉಸಿರು ಬಿಟ್ಟ ಮೇಲೆ ಅವಳು ಮಾತು ನಿಲ್ಲಿಸಿದಳು. ಸ್ಟೀಲ್ ಕಪಾಟು ಮತ್ತು ಗೋಡೆಯ ನಡುವಿನ ಸಂದಿಯಲ್ಲಿ ಮೊಣಕಾಲು ಮಡಚಿಕೊಂಡು ಕೂತುಬಿಡುವುದು. ಕರೆದರೆ ಓಗೊಡುವುದಿಲ್ಲ, ಊಟ ಬೇಡ, ಅಳುವುದೂ ಇಲ್ಲ. ಒಂದು ದಿನ, ಕೆಲವೊಮ್ಮೆ ಎರಡು. ಆಮೇಲೆ ತಾನಾಗಿ ಎದ್ದು ಬಂದು ಏನೂ ಆಗಿಲ್ಲದ ಹಾಗೆ ಆಡುವುದು.

ಬೇರೆ ತಾಯಿಯಾಗಿದ್ದರೆ ಇಷ್ಟಕ್ಕೆ ಹೆದರುತ್ತಿರಲಿಲ್ಲವೇನೋ. ನಾನು ಹೆದರಿದೆ, ಏಕೆಂದರೆ ನಾನು ಇದನ್ನು ಮೊದಲು ನೋಡಿದ್ದೆ. ನನ್ನ ಅಮ್ಮ ಹೀಗೇ ಇದ್ದಳು. ನಗುನಗುತ್ತಾ ರೊಟ್ಟಿ ಬಡಿಯುತ್ತಿದ್ದವಳು ಒಂದು ಬೆಳಿಗ್ಗೆ ಗೋಡೆಯ ಕಡೆ ತಿರುಗಿ ಮಲಗಿದರೆ ವಾರಗಟ್ಟಲೆ ಈ ಕಡೆ ತಿರುಗುತ್ತಿರಲಿಲ್ಲ. ನಾವು ಮಕ್ಕಳು ಅವಳ ಬೆನ್ನನ್ನು ನೋಡುತ್ತಾ ಬೆಳೆದವರು. ಕೊನೆಯ ಸಲ ಹಾಗೆ ತಿರುಗಿದಾಗ ಅವಳಿಗೆ ಜ್ವರ ಇತ್ತು. ಅವಳು ಹೇಳಲಿಲ್ಲ, ಇದು ಇವಳದ್ದು ಇದ್ದದ್ದೇ ಅಂತ ನಾವು ಯಾರೂ ಹತ್ತಿರ ಹೋಗಲಿಲ್ಲ. ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಸಬಾ ಕಪಾಟಿನ ಸಂದಿಯಲ್ಲಿ ಕೂತಾಗ ನನ್ನ ಕಣ್ಣಿಗೆ ಅಮ್ಮನ ಬೆನ್ನೇ ಕಾಣುತ್ತಿತ್ತು. ಮನೆಯಲ್ಲಿ ಅತ್ತೆ ಕೂಡ ದಖನಿಯಲ್ಲಿ ಅದನ್ನೇ ಹೇಳುತ್ತಿದ್ದರು: "ನಾನೀ ಪೋ ಗಈ." ಅಂದರೆ, ಅಜ್ಜಿಯ ಹಾಗೇ ಆದಳು.

ಶಾಲೆಯ ಒಬ್ಬ ಸಹೋದ್ಯೋಗಿ ಸರಕಾರಿ ಆಸ್ಪತ್ರೆಯ ಮಕ್ಕಳ ಮನಸ್ಸಿನ ಡಾಕ್ಟರ ಬಗ್ಗೆ ಹೇಳಿದಳು. "ಕನ್ನಡದೋರು. ಬಾಯಿ ಜೋರು, ಆದ್ರ ಕೈ ಚಲೋ" ಎಂದಳು. ಹೋದೆವು. ಓಪಿಡಿಯಲ್ಲಿ ಸಂತೆಯ ಗದ್ದಲ. ಮೇಲೆ ಫ್ಯಾನು ಕಟಕಟ ಸದ್ದು ಮಾಡುತ್ತಿತ್ತು. ಎದುರು ಕೂತ ಮನುಷ್ಯೆ ದಪ್ಪ, ಕಪ್ಪು, ಮೂಗಿನ ಎರಡೂ ಕಡೆ ಬೆವರು. ನಾನು ಮಗಳಿಗೆ ಕೇಳಿಸಬಾರದೆಂದು ದನಿ ಇಳಿಸಿ, ನಮ್ಮ ಕಡೆಯ ಕನ್ನಡದಲ್ಲಿ ಹೇಳಿದೆ:

"ನಮ್ಮ ಅಮ್ಮನ್ನ ಹೋಲ್ತಾಳ್ರಿ ಇಕಿ."

ಅವರು ಪೆನ್ನು ಹಿಡಿದುಕೊಂಡೇ ಕೇಳಿದರು. "ಹೌದಾ? ಯಾವಾಗ ಹೋಗ್ತಾಳೆ?"

"ಆಂ?"

"ನಿಮ್ಮ ಅಮ್ಮನ ಹತ್ರ ಹೋಗ್ತಾಳೆ ಅಂದ್ರಲ್ಲ. ಯಾವಾಗ ಹೋಗ್ತಾಳೆ, ಯಾವಾಗ ವಾಪಸ್ ಬರ್ತಾಳೆ? ಬಂದಾಗ ಮನೆಯಲ್ಲಿ ಬಾಗಿಲು ತೆಗೀಲಿಕ್ಕೆ ಯಾರಿರ್ತಾರೆ?"

"ಹೋಗೂದಲ್ರಿ ಮೇಡಮ್. ಹೋಲ್ತಾಳ, ಹೋಲ್ತಾಳ. ನಮ್ಮ ಅಮ್ಮ ಸತ್ತು ಭಾಳ ವರ್ಷಾತು."

ಆಗ ನನ್ನ ಕಾಲಿನ ಹತ್ತಿರದಿಂದ, ಎರಡು ದಿನದಿಂದ ತುಟಿ ಬಿಚ್ಚದ ಸಬಾ, ಡಾಕ್ಟರ ಮುಖ ನೋಡುತ್ತಾ ದಖನಿಯಲ್ಲಿ, "ಮೈ ತೋ ಯಹೀಂಚ್ ಹೂಂ" ಎಂದಳು. ನಾನು ಇಲ್ಲೇ ಇದೀನಲ್ಲ, ಅಂತ.

ನನಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. ಬೇರೆ ಯಾರಾದರೂ ಆಗಿದ್ದರೆ ಸಾರಿ ಎಂದು ಮುಂದೆ ಹೋಗುತ್ತಿದ್ದರು. ಡಾಕ್ಟರಬಾಯಿ ಪೆನ್ನು ಕೆಳಗಿಟ್ಟರು. ಸ್ವಲ್ಪ ಹೊತ್ತು ತಮ್ಮ ತಪ್ಪನ್ನು ಹೊಸ ಸೀರೆಯ ಹಾಗೆ ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ ಮುಖ ಅರಳಿಸಿ, "ಅಲ್ಲ ಮಾರಾಯ್ತಿ, ನಂಗೆ ಕೇಳಿಸಿದ್ದೇ ಒಳ್ಳೇದುಂಟು. ಹೋಲ್ತಾಳೆ ಅಂದ್ರೆ ಆಯ್ತು, ಮುಗೀತು. ನಾನು ಮಾಡ್ಲಿಕ್ಕೆ ಎಂತ ಉಂಟು? ಹೋಗ್ತಾಳೆ ಅಂದ್ರೆ ವಾಪಸ್ ಬರೂದು ಅಂತ ಒಂದು ಉಂಟಲ್ಲ. ಬರುವ ದಾರಿಯಲ್ಲಿ ನಾವು ಲೈಟ್ ಹಾಕಿಡಬಹುದು" ಎಂದರು.

ಮನೆಗೆ ವಾಪಸ್ಸಾಗುವಾಗ ಬಸ್ಸಿನಲ್ಲಿ ನನಗೆ ಥಟ್ಟನೆ ಹೊಳೆಯಿತು. ನಮ್ಮ ದಖನಿಯಲ್ಲಿ 'ನಾನೀ ಪೋ ಗಈ' ಅನ್ನುತ್ತೇವಲ್ಲ, ಅದರಲ್ಲಿ ಹೋಲುವುದು ಎಲ್ಲಿದೆ? ಪೋ ಅಂದರೆ ಮೇಲೆ, ಗಈ ಅಂದರೆ ಹೋದಳು. ಡಾಕ್ಟರಬಾಯಿಗೆ ಕನ್ನಡದಲ್ಲಿ ತಪ್ಪಾಗಿ ಕೇಳಿಸಿದ್ದೇ ನಮ್ಮ ಮನೆಯ ಮಾತಿನಲ್ಲಿ ಮೊದಲಿನಿಂದ ಇತ್ತು. ಹುಟ್ಟಿದಂದಿನಿಂದ ಆಡಿದ ಮಾತು, ದಿನಾ ವ್ಯಾಕರಣ ಹೇಳಿಕೊಡುವ ನನಗೇ ಕಂಡಿರಲಿಲ್ಲ. ಅಂದು ನನಗಾದ ಬೆರಗು ಇವತ್ತಿಗೂ ಇಳಿದಿಲ್ಲ.

ಅವರು ಕೊಟ್ಟ ಔಷಧವನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಗುಳಿಗೆ ಇಲ್ಲ, ಟಾನಿಕ್ ಇಲ್ಲ. "ಅವಳು ಸಂದಿಯಲ್ಲಿ ಕೂತಾಗ ನೀವು ಅವಳಿಗೆ ಬೆನ್ನು ಹಾಕಿ ಹತ್ತಿರ ಕೂತ್ಕೊಳ್ಳಿ. ಕೈ ಚಾಚಿದ್ರೆ ಸಿಗುವಷ್ಟು ಹತ್ತಿರ. ಎಂತದಾದ್ರೂ ಕೆಲಸ ಮಾಡಿ. ಅಕ್ಕಿ ಆರಿಸಿ, ಶಾಲೆಯ ಪೇಪರ್ ತಿದ್ದಿ. ಏನಾಯ್ತು, ಯಾಕೆ, ಯಾರು ಬೈದ್ರು, ಎಂತದೂ ಕೇಳ್ಬೇಡಿ. ಅವಳು ಎದ್ದು ಬಂದಾಗ 'ಬಂದ್ಯಾ, ಬಾ' ಅಂತ ಹೇಳಿ. ಬಿಸಿ ಬಿಸಿ ಎಂತದಾದ್ರೂ ಕೊಡಿ. ಅಷ್ಟೇ."

"ಅಷ್ಟಽ ಏನ್ರಿ?"

"ಅಷ್ಟೇ. ಮತ್ತೆ ನೀವು ಅವಳನ್ನು ನೋಡೂದು ಸ್ವಲ್ಪ ಕಮ್ಮಿ ಮಾಡಿ."

ನಾನು ಮುನಿಸಿಕೊಂಡೆ. ತಾಯಿ ಮಗಳನ್ನು ನೋಡದೆ ಮತ್ತೇನು ನೋಡಬೇಕು? ಅವರು ನನ್ನ ಮುನಿಸನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. "ಈಗ ಇಲ್ಲಿ ಕೂತು ಎಷ್ಟು ಸಲ ಅವಳ ಮುಖ ನೋಡಿದ್ರಿ, ಗೊತ್ತುಂಟಾ? ಹಾಲು ಉಕ್ಕುತ್ತದಾ ಅಂತ ನೋಡುವ ಹಾಗೆ ನೋಡ್ತಿದ್ರೆ ಮಗುವಿಗೆ ಎಂತ ಅನ್ನಿಸ್ತದೆ? ನನ್ನೊಳಗೆ ಎಂತದೋ ಉಂಟು, ಅದು ಉಕ್ಕಿ ಬರ್ತದೆ ಅಂತ ತಾನೇ? ಹೆದರಿಕೆ ಎದೆಯಲ್ಲಿದ್ದರೂ ಕಣ್ಣಿನಿಂದ ದಾಟ್ತದೆ."

ಸರಿ, ಹಾಗಾದರೆ ಇದು ರಕ್ತದಲ್ಲಿ ಬಂದದ್ದೋ, ಬೆಂಕಿ ನೋಡಿ ಬಂದದ್ದೋ? ನನಗೆ ಅದೊಂದು ತಿಳಿಯಲೇಬೇಕಾಗಿತ್ತು. ಹಲವು ಸಲ ಕೇಳಿದ್ದೆ. ಒಂದು ದಿನ ಅವರು ಸಾಕಾಗಿ ಕುರ್ಚಿ ಹಿಂದಕ್ಕೆ ಸರಿಸಿ ಹೇಳಿದರು:

"ನಮ್ಮ ಅಪ್ಪ ಮಾಟುಂಗದ ಹೋಟೆಲಿನಲ್ಲಿ ಅಡಿಗೆಗೆ ಇದ್ದದ್ದು. ಅಲ್ಲಿ ದೋಸೆ ಕರಟಿಹೋದ್ರೆ ಕಾವಲಿಯವನು ಹಿಟ್ಟು ರುಬ್ಬುವವನನ್ನು ಬೈಯೂದು, ಹಿಟ್ಟು ರುಬ್ಬುವವನು ಕಾವಲಿಯವನನ್ನು ಬೈಯೂದು. ಇವರ ಜಗಳ ಮುಗಿಯುವ ತನಕ ಗಿರಾಕಿಗೆ ದೋಸೆ ಇಲ್ಲ. ನೀವೂ ಹಾಗೇ ಮಾಡ್ತಿದ್ದೀರಿ. ಕೆಲವು ಹಿಟ್ಟು ಬೇಗ ಹಿಡೀತದೆ, ಅದು ಹಿಟ್ಟಿನ ತಪ್ಪಲ್ಲ. ಉರಿ ಹೆಚ್ಚಾಗಿತ್ತು, ಅದು ನಿಮ್ಮ ತಪ್ಪಲ್ಲ, ಬೆಂಕಿ ನೀವು ಹಾಕಿದ್ದಲ್ಲ. ಈಗ ಉರಿ ಸಣ್ಣ ಮಾಡುವ. ಅಂಥ ಹಿಟ್ಟು ಸಣ್ಣ ಉರಿಯಲ್ಲಿ ಎಲ್ಲಕ್ಕಿಂತ ಚಂದ ಗರಿ ಆಗ್ತದೆ. ಇದು ನಾನು ಹೇಳೂದಲ್ಲ, ದೊಡ್ಡ ದೊಡ್ಡವರು ಓದಿ ನೋಡಿ ಹೇಳೂದು."

ಅವರು ಜೀನ್ ಎಂಬ ಮಾತಿಗೆ ಮೂಗು ಮುರಿಯುವವರಲ್ಲ. ಅದರ ಬಗ್ಗೆ ಹೇಳುವಾಗ ಅವರ ಕಣ್ಣು ಮಕ್ಕಳ ಕಣ್ಣಾಗುತ್ತಿತ್ತು. ದಹಿಸರಿನ ಸಂಘದ ಸಭಾಂಗಣದಲ್ಲಿ ಒಮ್ಮೆ ಅವರ ಉಪನ್ಯಾಸವಿತ್ತು. ನಾನೂ ಹೋಗಿದ್ದೆ. ಒಬ್ಬ ಹೋಟೆಲ್ ಮಾಲೀಕರು ಎದ್ದು, "ಡಾಕ್ಟ್ರೇ, ಈಗ ಎಂಜಲು ಕಳಿಸಿದ್ರೆ ಮಗುವಿನ ಜೀನ್ ನೋಡಿ ಎಲ್ಲ ಹೇಳ್ತಾರಂತೆ. ಮೊಮ್ಮಗ ಮುಂದೆ ಸಿಡುಕ ಆಗ್ತಾನಾ ಪುಕ್ಕಲ ಆಗ್ತಾನಾ ಅಂತ ಗೊತ್ತಾಗ್ತದಾ?" ಎಂದು ಕೇಳಿದರು.

"ಒಂದು ಜೀನ್ ಅಲ್ಲ ಧಣಿಗಳೇ, ನೂರಾರು. ಒಂದೊಂದರದ್ದು ಚಿಟಿಕೆಯಷ್ಟು ಪಾಲು. ಎಲ್ಲ ಸೇರಿಸಿ ನೋಡಿದ್ರೆ, ಈ ಮಗು ಬೇಗ ಬೆಚ್ಚಿಬೀಳಬಹುದು ಅಂತ ಒಂದು ಅಂದಾಜು ಸಿಕ್ಕೀತು, ಅದೂ ಗಟ್ಟಿ ಅಲ್ಲ. ಬೆಚ್ಚಿಬಿದ್ದ ಮಗುವನ್ನು ಯಾರು ಎತ್ತಿಕೊಳ್ತಾರೆ ಅಂತ ಎಂಜಲಿನಲ್ಲಿ ಬರೆದಿರೂದಿಲ್ಲ. ಮತ್ತೆ ಇನ್ನೊಂದು ವಿಚಿತ್ರ ಉಂಟು, ಕೇಳಿ. ಎತ್ತಿಕೊಂಡ್ರೆ ಒಂದು ನಮೂನೆ, ಎತ್ತಿಕೊಳ್ಳದೆ ಬಿಟ್ರೆ ಒಂದು ನಮೂನೆ, ಆ ಜೀನುಗಳು ಕೆಲಸ ಮಾಡುವ ರೀತಿಯೇ ಬದಲಾಗ್ಲಿಕ್ಕುಂಟು. ಮೈಯೊಳಗಿನ ಅಷ್ಟು ಸಣ್ಣ ವಸ್ತುವಿಗೆ, ಹೊರಗೆ ಯಾರೋ ಹೆಗಲು ಕೊಟ್ಟದ್ದು ಗೊತ್ತಾಗ್ತದೆ ಅಂದ್ರೆ!" ಎಂದು ಹೇಳಿ, ಮುಂದಿನ ಮಾತು ಮರೆತವರ ಹಾಗೆ ಸುಮ್ಮನೆ ನಿಂತರು. ಸಭೆಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಅವರಿಗೆ ಅದು ಕೇಳಿಸಿದ ಹಾಗೆ ಕಾಣಲಿಲ್ಲ.

ನಮ್ಮ ಅತ್ತೆಯ ಪ್ರಕರಣ ಹೇಳಲೇಬೇಕು. ಅತ್ತೆ ಸಬಾಳ ತೋಳಿಗೆ ತಾಯಿತ ಕಟ್ಟಿದ್ದರು. ಡಾಕ್ಟರು ಬೈಯುತ್ತಾರೆಂದು ನಾನು ಉದ್ದ ತೋಳಿನ ಫ್ರಾಕ್ ಹಾಕಿಸಿ ಕರೆದುಕೊಂಡು ಹೋಗಿದ್ದೆ. ಅತ್ತೆಯೂ ಜೊತೆಗೆ ಬಂದಿದ್ದರು. ತೂಕ ನೋಡುವಾಗ ತಾಯಿತ ಕಂಡುಬಿಟ್ಟಿತು. ಡಾಕ್ಟರಬಾಯಿ ಅತ್ತೆಯ ಕಡೆ ತಿರುಗಿ ತಮ್ಮ ಹೋಟೆಲ್ ಹಿಂದಿಯಲ್ಲಿ, ಇದನ್ನು ಕಟ್ಟುವಾಗ ಮಗುವನ್ನು ಎಲ್ಲಿ ಕೂರಿಸಿಕೊಂಡಿರಿ ಎಂದು ಕೇಳಿದರು. ಅತ್ತೆ ಜಗಳಕ್ಕೆ ತಯಾರಾಗಿಯೇ ಬಂದವರು. "ಗೋದ್ ಮೇ ಲೇಕೋ ಬೈಠೀ. ಸರ್ ಪೋ ಹಾತ್ ಫೇರೀ" ಎಂದರು. ತೊಡೆಯ ಮೇಲೆ ಕೂರಿಸಿಕೊಂಡು ತಲೆ ಸವರಿದೆ, ಅಂತ.

"ಹಾಗಾದ್ರೆ ಒಂದೇ ಸಲ ಕಟ್ಟಿ ಬಿಡೂದು ಯಾಕೆ?" ಎಂದು ಡಾಕ್ಟರಬಾಯಿ ನನಗೆ ಕನ್ನಡದಲ್ಲಿ ಹೇಳಿದರು. "ದಾರ ಸಡಿಲ ಆಗ್ತದೆ. ದಿನಾ ಸಂಜೆ ಬಿಚ್ಚಿ, ಹಾಗೇ ತೊಡೆಯ ಮೇಲೆ ಕೂರಿಸಿಕೊಂಡು, ತಲೆ ಸವರಿ ಮತ್ತೆ ಕಟ್ಲಿಕ್ಕೆ ಹೇಳಿ."

ಅತ್ತೆ ಆ ದಿನದಿಂದ ಡಾಕ್ಟರ ಪಕ್ಷ. ಸಂಜೆಯಾದರೆ ಸಬಾ ತಾನೇ ತೋಳು ಚಾಚಿಕೊಂಡು ಅಜ್ಜಿಯ ಹತ್ತಿರ ಹೋಗುವುದು ಅಭ್ಯಾಸವಾಯಿತು. ಮುಂದೆ ತಾಯಿತ ಎಲ್ಲೋ ಬಿದ್ದುಹೋಯಿತು. ತೊಡೆಯ ಮೇಲೆ ಕೂರುವುದು, ತಲೆ ಸವರುವುದು ಉಳಿಯಿತು.

ಅವರ "ಬಂದೆ" ಏನೆಂದು ನನಗೆ ತಿಳಿದದ್ದು ಲೋಕಲ್ ರೈಲಿನಲ್ಲಿ. ಆ ಹೊತ್ತಿಗೆ ನಾನು ಶನಿವಾರ ಶನಿವಾರ ಅವರ ಓಪಿಡಿಗೆ ಹೋಗಿ, ನಮ್ಮ ಕಡೆಯ ತಾಯಂದಿರ ಮಾತನ್ನು ಕಿರಿಯ ಡಾಕ್ಟರುಗಳಿಗೆ ಹಿಂದಿಯಲ್ಲಿ ಬಿಡಿಸಿ ಹೇಳುತ್ತಿದ್ದೆ. ಅವತ್ತು ಅವರು ನನ್ನ ಮೇಲೇ ಹಾರಾಡಿ, ಕಿಟಕಿಗೆ ಹೋಗಿ, ತಿರುಗಿ ಬಂದು "ಬಂದೆ" ಹೇಳಿದ್ದರು. ಸಂಜೆ ಮಾಹಿಮ್‌ನಲ್ಲಿ ಇಬ್ಬರೂ ಒಟ್ಟಿಗೆ ಹತ್ತಿದೆವು, ಲೇಡೀಸ್ ಡಬ್ಬಿಯಲ್ಲಿ ಹೇಗೋ ಸೀಟು ಸಿಕ್ಕಿತು. ಬೋರಿವಲಿಯ ಚಿಕ್ಕಮ್ಮನ ಮನೆಗೆ ಹೊರಟಿದ್ದ ನಾನು ಕೇಳಿಯೇಬಿಟ್ಟೆ. ಅವರು ಕಿಟಕಿಯ ಹೊರಗೆ ನೋಡುತ್ತಾ ಹೇಳಿದರು:

"ನಮ್ಮಪ್ಪನ ಸಿಟ್ಟು ಹೋಟೆಲಿಗೆಲ್ಲ ಗೊತ್ತಿತ್ತು. ಸೌಟು ಬಿಸಾಡ್ತಿದ್ರು. ಮನೆಯಲ್ಲೂ ಹಾಗೇ. ಸಿಟ್ಟು ಇಳಿದ ಮೇಲೆ ಮಾತಿಲ್ಲ, ಕತೆ ಇಲ್ಲ. ಆದ್ರೆ ಮರುದಿನ ಹೋಟೆಲಿಂದ ನಂಗೆ ಒಂದು ದೋಸೆ ಬರ್ತಿತ್ತು, ತುಪ್ಪ ಸುರಿದು. ನಾನು ಅದನ್ನು ಹೆದರಿಕೊಂಡೇ ತಿಂತಿದ್ದೆ. ಅದು ಅಪ್ಪ ವಾಪಸ್ ಬಂದದ್ದು ಅಂತ ನಂಗೆ ಗೊತ್ತಾದದ್ದು ಅವರು ಹೋಗಿ ಎಷ್ಟೋ ವರ್ಷದ ಮೇಲೆ. ದೊಡ್ಡವರು ಬಂದ್ರೆ ಸಾಲದು ಮಾರಾಯ್ತಿ. ಬಂದದ್ದು ಮಕ್ಕಳಿಗೆ ಗೊತ್ತಾಗ್ಬೇಕು. ನನ್ನಲ್ಲಿ ಅಪ್ಪನ ಸಿಟ್ಟು ಉಂಟು, ಅದು ಹೋಗೂದಿಲ್ಲ, ನಾನು ಎಷ್ಟು ಓದಿದ್ರೂ ಹೋಗ್ಲಿಲ್ಲ. ಹಾಗಾಗಿ ಬಂದಾಗ ಬಾಯಿಬಿಟ್ಟು ಹೇಳ್ತೇನೆ."

ಅಂಧೇರಿ ದಾಟುವಾಗ ಅವರು ನನ್ನ ಕಡೆ ತಿರುಗಿದರು. "ನಿಮ್ಮ ಅಮ್ಮ ವಾಪಸ್ ಬಂದಾಗ ಯಾರು ಬಾಗಿಲು ತೆಗೀತಿದ್ರು?"

ನಾನು ಯೋಚನೆ ಮಾಡಬೇಕಾಗಿಯೇ ಇರಲಿಲ್ಲ. ವಾರಗಟ್ಟಲೆ ಮಲಗಿದ್ದ ಅಮ್ಮ ಎದ್ದು, ಕೂದಲು ಗಂಟು ಹಾಕಿಕೊಂಡು ಒಲೆಯ ಹತ್ತಿರ ಬಂದಾಗ ಅಪ್ಪ "ನಾಟಕ ಮುಗೀತೇನು?" ಎನ್ನುತ್ತಿದ್ದ. ನಾವು ಮಕ್ಕಳು ಅವಳ ಮೇಲಿನ ಸಿಟ್ಟಿಗೆ ಮುಖ ತಿರುಗಿಸುತ್ತಿದ್ದೆವು. ಅದನ್ನೇ ಹೇಳಿದೆ.

ಡಾಕ್ಟರಬಾಯಿ "ಹಾಗಾದ್ರೆ ಅವರು ಪ್ರತಿಸಲ ಬಂದಿದ್ದಾರೆ. ಬಂದು ಬಾಗಿಲ ಹೊರಗೇ ನಿಂತಿದ್ದಾರೆ" ಎಂದರು.

ನಾನು ಅಷ್ಟು ಜನರ ನಡುವೆ ಅತ್ತುಬಿಟ್ಟೆ. ಅಮ್ಮ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ. ಡಬ್ಬಿಯಲ್ಲಿ ಕ್ಲಿಪ್ಪು, ಬಳೆ ಮಾರುವವಳು ಕೂಡ ಕೂಗುವುದನ್ನು ನಿಲ್ಲಿಸಿದಳು. ಡಾಕ್ಟರಬಾಯಿ ತಮ್ಮ ದಪ್ಪ ಹೆಗಲನ್ನು ನನ್ನ ಹೆಗಲಿಗೆ ಒತ್ತಿ ಕೂತರು. ಅವತ್ತೇ ಅವರಿಗೆ ಅಮ್ಮನ ಜ್ವರದ ಸಂಗತಿಯನ್ನೂ ಹೇಳಿದೆ. ಅವರು ಒಂದೇ ಒಂದು ಹೊಸ ನಿಯಮ ಸೇರಿಸಿದರು. "ಸಬಾ ಸುಮ್ಮನೆ ಕೂತಾಗ ಎಂತದೂ ಕೇಳ್ಬೇಡಿ ಅಂದಿದ್ದೆ. ಅದು ಹಾಗೇ ಇರಲಿ. ಆದ್ರೆ ಒಂದು ಸಲ ಹಣೆ ಮುಟ್ಟಿ ನೋಡಿ. ಮುಟ್ಟಿ, ಬಂದು ನಿಮ್ಮ ಕೆಲಸಕ್ಕೆ ಕೂತ್ಕೊಳ್ಳಿ."

ಹಾಗೇ ಮಾಡಿದೆ. ವರ್ಷಗಟ್ಟಲೆ ಮಾಡಿದೆ. ಹಣೆ ಮುಟ್ಟುವುದು, ಬೆನ್ನು ಹಾಕಿ ಕೂರುವುದು, ಪೇಪರ್ ತಿದ್ದುವುದು. ಮೊದಮೊದಲು ನನ್ನ ಬೆನ್ನಿಗೆ ಕಣ್ಣು ಮೂಡಿದ ಹಾಗಾಗುತ್ತಿತ್ತು, ತಿರುಗಿ ನೋಡದಿರುವುದೇ ದೊಡ್ಡ ಕಷ್ಟ. ಆಮೇಲೆ ಒಂದು ಮಧ್ಯಾಹ್ನ ಸಂದಿಯಿಂದ ಒಂದು ಸಣ್ಣ ಕಾಲು ಚಾಚಿಕೊಂಡು ಬಂದು ನನ್ನ ಬೆನ್ನಿಗೆ ತಗುಲಿ ಅಲ್ಲೇ ನಿಂತಿತು. ನಾನು ಕೆಂಪು ಪೆನ್ನು ಹಿಡಿದು ಮಕ್ಕಳ ಒತ್ತಕ್ಷರ ತಿದ್ದುತ್ತಲೇ ಇದ್ದೆ. ಯಾವ ಒತ್ತಕ್ಷರ ತಿದ್ದಿದೆನೋ ದೇವರಿಗೇ ಗೊತ್ತು.

ಸಬಾ ಈಗ ಕಾಲೇಜಿಗೆ ಹೋಗುತ್ತಾಳೆ. ಎಲ್ಲ ಸರಿಹೋಯಿತು ಎಂದು ಬರೆದರೆ ಡಾಕ್ಟರಬಾಯಿ ಅಲ್ಲಿಂದಲೇ ಬೈದಾರು. ಅವಳು ಈಗಲೂ ಹೋಗುತ್ತಾಳೆ. ಪರೀಕ್ಷೆಯ ಹೊತ್ತಿಗೆ, ಇನ್ನೊಮ್ಮೆ ನಮ್ಮ ಗಲ್ಲಿ ಉಳಿಯುತ್ತದೋ ಒಡೆಯುತ್ತಾರೋ ಎಂಬ ಮಾತು ಜೋರಾದಾಗ, ಒಂದೆರಡು ದಿನ ಅವಳ ಮುಖದ ಬಾಗಿಲು ಮುಚ್ಚುತ್ತದೆ. ಅಜ್ಜಿಯ ಅದೇ ಹಣೆ, ಅದೇ ಮೌನ. ಆದರೆ ಅವಳು ಬರುತ್ತಾಳೆ. ಬಂದು, ಕನ್ನಡ ತಡವರಿಸುವ ಆ ಹುಡುಗಿ, ಚೆನ್ನಾಗಿ ಬರುವ ಒಂದೇ ಕನ್ನಡ ಮಾತನ್ನು ಹೇಳುತ್ತಾಳೆ: "ಬಂದೆ." ನಾನು "ಬಂದಿ? ಬಾ" ಅನ್ನುತ್ತೇನೆ.

ಕಳೆದ ತಿಂಗಳು ಸಾವಿನ ಸುದ್ದಿ ಬಂದದ್ದು ಹಳೆಯ ತಾಯಂದಿರ ವಾಟ್ಸಾಪ್ ಗುಂಪಿನಲ್ಲಿ. ನಾನು ನೋಡುವ ಹೊತ್ತಿಗೆ ದಹಿಸರಿನಲ್ಲಿ ಎಲ್ಲ ಮುಗಿದಿತ್ತು. ಫೋನು ಕೆಳಗಿಟ್ಟೆ, ಶಾಲೆಗೆ ರಜೆ ಹೇಳಿದೆ, ಗೋಡೆಯ ಕಡೆ ತಿರುಗಿ ಮಲಗಿದೆ. ಜೀವನದಲ್ಲಿ ನಾನು ಹಾಗೆ ಮಲಗಿದವಳಲ್ಲ. ಅಮ್ಮನ ಮಗಳು ಎನ್ನುವುದು ಎಲ್ಲಿ ಮೇಲೆ ಬರುತ್ತದೋ ಎಂಬ ಹೆದರಿಕೆಗೆ, ಜ್ವರ ಬಂದಾಗಲೂ ಎದ್ದು ಓಡಾಡಿದವಳು. ಈಗ ಗೋಡೆಯ ಸುಣ್ಣದ ಬಿರುಕು ನೋಡುತ್ತಾ ಮಲಗಿದರೆ ಏಳುವ ಮನಸ್ಸೇ ಇಲ್ಲ, ಕರೆದರೆ ಮಾತು ಬಾಯಿಗೆ ಬರುವುದಿಲ್ಲ. ಹಿಂದಿನಿಂದ ಗಂಡನ ದನಿ ಕೇಳಿಸಿತು. ಹೆದರಿದ್ದ. "ಯೇ ಭೀ ಅಮ್ಮಾ ಪೋ ಗಈ ಕ್ಯಾ?" ಇವಳೂ ತಾಯಿಯ ಹಾಗೇ ಆದಳೇ, ಎಂದು ಸಬಾಳನ್ನು ಕೇಳುತ್ತಿದ್ದ.

"ಗಈ ತೋ ಆತೀ ನಾ, ಅಬ್ಬಾ" ಎಂದಳು ಸಬಾ. ಹೋಗಿದ್ದರೆ ಬರ್ತಾಳಲ್ಲ.

ಸ್ವಲ್ಪ ಹೊತ್ತಿಗೆ ಒಂದು ಕೈ ಬಂದು ನನ್ನ ಹಣೆ ಮುಟ್ಟಿತು. ಮುಟ್ಟಿ, ಹೋಯಿತು. ಆಮೇಲೆ ನನ್ನ ಬೆನ್ನಿನ ಹಿಂದೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಯಾರೋ ನೆಲದ ಮೇಲೆ ಕೂತರು. ಬೆಳ್ಳುಳ್ಳಿಯ ಸಿಪ್ಪೆ ಬಿಡಿಸುವ ಸಪ್ಪಳ ಬರತೊಡಗಿತು. ಸಿಪ್ಪೆ ಬಿಡಿಸುವುದು ನಿಲ್ಲುತ್ತದೆ, ಸ್ಟವ್ ಹತ್ತಿಕೊಳ್ಳುತ್ತದೆ, ಆರುತ್ತದೆ, ಮತ್ತೆ ಸಿಪ್ಪೆ. ಏನಾಯಿತು ಎಂದು ಅವಳು ಕೇಳಲಿಲ್ಲ. ಏಳು ಎನ್ನಲಿಲ್ಲ. ನಾನು ಗೋಡೆಯನ್ನು ನೋಡುತ್ತಾ ಆ ಸಪ್ಪಳ ಕೇಳಿಸಿಕೊಂಡೆ. ನನ್ನ ಅಮ್ಮ ಅಷ್ಟು ವರ್ಷ ಇದೊಂದು ಸಪ್ಪಳಕ್ಕಾಗಿ ಕಿವಿಗೊಟ್ಟು ಮಲಗಿದ್ದಳೇ ಎಂದು ಅನ್ನಿಸಿ ಕಣ್ಣು ತುಂಬಿ ಬಂತು.

ಸಂಜೆಯ ನಮಾಜಿನ ಕರೆ ಕೇಳಿದ ಮೇಲೆ ಎದ್ದು ಕೂತೆ. ಸಬಾಳ ಬೆನ್ನು ನನ್ನ ಕಡೆಗಿತ್ತು. ಗಂಟಲು ಸರಿಮಾಡಿಕೊಂಡು, ಅವಳು "ಬಂದಿ?" ಅನ್ನುವ ಮೊದಲೇ, ಅವಳಿಗೆ ಕೇಳುವ ಹಾಗೆ, ನಾನು ಹೇಳಬೇಕಾದದ್ದನ್ನು ಹೇಳಿದೆ.

"ಬಂದೆ."

ಅವಳು ಅವಸರ ಮಾಡಲಿಲ್ಲ. ಕೈಯಲ್ಲಿದ್ದ ಬೆಳ್ಳುಳ್ಳಿಯನ್ನು ಬಟ್ಟಲಿಗೆ ಹಾಕಿ, ಕೈ ಒರೆಸಿಕೊಂಡು, ಈ ಕಡೆ ತಿರುಗಿ, ತನ್ನ ಮುರುಕು ಕನ್ನಡದಲ್ಲಿ "ಬಂದಿ? ಬಾ. ಚಾ ಬಿಸಿ ಐತಿ" ಎಂದಳು.

ಚಹಾ ನಿಜಕ್ಕೂ ಬಿಸಿಯಾಗಿತ್ತು. ಮಧ್ಯಾಹ್ನದಿಂದ ಮತ್ತೆ ಮತ್ತೆ ಕಾಯಿಸಿ ಕಾಯಿಸಿ ಕಷಾಯದ ಹಾಗೆ ಕಹಿಯಾಗಿತ್ತು. ಒಂದು ತೊಟ್ಟೂ ಬಿಡದೆ ಕುಡಿದೆ.